ಗರಡಿಮನೆಯೂ ಸಾರ್ವಜನಿಕ ಆರೋಗ್ಯವೂ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಈ ನಾಲ್ಕು ತಾಲೂಕುಗಳ ಹಳ್ಳಿಗಳಲ್ಲಿ ಹನುಮಂತದೇವರ ಗುಡಿಯ ಮುಂದೆ ಒಂದು ದುಂಡಗಿನ ಕಲ್ಲು ಬಿದ್ದುಕೊಂಡಿರುವದನ್ನು ನಮ್ಮ ವಾಚಕರಲ್ಲಿ ಅನೇಕರು ಕಂಡಿರಬಹುದು. ಅದು ಮನೆ ಕಟ್ಟಿ ಉಳಿದ ಕಲ್ಲಲ್ಲ. ಗುಡ್ಡದಿಂದ ಉರುಳಿ ಬಂದದ್ದೂ ಅಲ್ಲ. ಊರಿನ ತರುಣರು ಮೊದಲು ಮೊಣಕಾಲಿಗೆ, ಆ ಮೇಲೆ ಎದೆಗೆ, ಕೊನೆಗೆ ಹೆಗಲಿಗೇರಿಸಿ ಹಿಂದಕ್ಕೆ ಚೆಲ್ಲುವದಕ್ಕಾಗಿ ಹಿರಿಯರು ತಂದಿಟ್ಟ ಗುಂಡುಕಲ್ಲು. ಹಿಡಿಯುವದಕ್ಕೆ ಕಿವಿಯಿಲ್ಲ, ಹಿಡಿಕೆಯಿಲ್ಲ. ಬೆರಳು, ಮುಂಗೈ, ಸೊಂಟ, ತೊಡೆ, ಉಸಿರು ಇವೆಲ್ಲವೂ ಒಂದಾಗದ ಹೊರತು ಅದು ನೆಲ ಬಿಟ್ಟು ಏಳುವದಿಲ್ಲ. ಇಂದು ಅನೇಕ ಊರುಗಳಲ್ಲಿ ಆ ಕಲ್ಲಿನ ಮೇಲೆ ಆಡಿನ ಮರಿಗಳು ಏರಿ ಆಡುತ್ತವೆ. ಮೋಟಾರು ಸಾಯಕಲ್ಲುಗಳು ಅದಕ್ಕೆ ಆತು ನಿಲ್ಲುತ್ತವೆ.

ಇತ್ತ ಪಟ್ಟಣಗಳಲ್ಲಿ ಕನ್ನಡಿ ಹಚ್ಚಿದ ಜಿಮ್‌ಗಳು ತೆರೆದಿವೆ. ತಿಂಗಳ ಶುಲ್ಕ ಕೊಟ್ಟು ನಮ್ಮ ಹುಡುಗರು ಅಲ್ಲಿಗೆ ಹೋಗುತ್ತಾರೆ. ಹೋಗಲಿ, ನಮಗೆ ಅದರಲ್ಲಿ ಅಸೂಯೆಯಿಲ್ಲ. ಚಹದ ಅಂಗಡಿಯಲ್ಲಿ ಸಂಜೆ ಕಳೆಯುವದಕ್ಕಿಂತ ಕಬ್ಬಿಣ ಎತ್ತುವದು ಲೇಸು. ಆದರೆ ನಾವು ನೋಡಿ ಸೋಜಿಗಪಟ್ಟ ಸಂಗತಿಯೊಂದಿದೆ. ಈ ಜಿಮ್‌ಗಳಲ್ಲಿ ಇತ್ತೀಚೆಗೆ ‘ಫಂಕ್ಷನಲ್ ಫಿಟ್‌ನೆಸ್’ ಎಂಬ ಹೊಸ ಹೆಸರಿನಿಂದ ನಡೆಯುವ ಸಾಧನೆ ಯಾವದು? ಮರಳು ತುಂಬಿದ ಚೀಲ ಹೊತ್ತು ನಡೆಯುವದು, ಹಗ್ಗ ಏರುವದು, ಗದೆಯಂಥ ಭಾರವನ್ನು ತಲೆಯ ಸುತ್ತ ತಿರುಗಿಸುವದು, ಕುಳಿತು ಏಳುವದು, ಕಲ್ಲಿನಂಥ ಗುಂಡನ್ನು ಹೆಗಲಿಗೇರಿಸುವದು. ಒಂದೊಂದೇ ಸ್ನಾಯುವನ್ನು ಯಂತ್ರದಲ್ಲಿ ಬೇರೆ ಬೇರೆ ದುಡಿಸದೆ, ಬದುಕಿನಲ್ಲಿ ಬೇಕಾದ ಬಗ್ಗುವ, ಎತ್ತುವ, ಹೊರುವ, ನೂಕುವ, ಎಳೆಯುವ ಕ್ರಿಯೆಗಳನ್ನೇ ಬಲಪಡಿಸುವದು ಇದರ ತತ್ವ. ಅಮೇರಿಕೆಯಲ್ಲಿ 2000ನೆಯ ಇಸವಿಯಲ್ಲಿ ಸ್ಥಾಪಿತವಾದ ‘ಕ್ರಾಸ್‌ಫಿಟ್’ ಎಂಬ ಸಂಸ್ಥೆ ಈ ತತ್ವವನ್ನೂ, ಹತ್ತಾರು ಜನ ಕೂಡಿ ಒಬ್ಬರನ್ನೊಬ್ಬರು ಹುರಿದುಂಬಿಸುತ್ತ ಸಾಧನೆ ಮಾಡುವ ಪದ್ಧತಿಯನ್ನೂ ಲೋಕಕ್ಕೆಲ್ಲ ಹರಡಿತು. ಇದನ್ನು ಕೇಳಿದ ನಮ್ಮ ಹಳೆಯ ವಸ್ತಾದನೊಬ್ಬ ಮೀಸೆಯಲ್ಲಿ ನಕ್ಕರೆ ಅವನನ್ನು ತಪ್ಪೆನ್ನಲಾಗದು.

ಪರದೇಶದವರು ನಮ್ಮದನ್ನು ಎತ್ತಿಕೊಂಡದ್ದು ಇದೇ ಮೊದಲಲ್ಲ. ಗರಡಿಯಲ್ಲಿ ತಿರುಗಿಸುವ ಮುದ್ಗರಗಳನ್ನು ಕಂಡು ಇಂಗ್ಲಿಷ್ ಸೈನ್ಯದವರು 19ನೆಯ ಶತಮಾನದಲ್ಲಿ ತಮ್ಮ ಸಿಪಾಯಿಗಳ ಕವಾಯತಿನಲ್ಲಿ ಅವನ್ನು ಸೇರಿಸಿಕೊಂಡರು. ಅಲ್ಲಿಂದ ಅವು ವಿಲಾಯತಿಯ ಶಾಲೆಗಳನ್ನು ಹೊಕ್ಕವು. 1904 ಮತ್ತು 1932ರ ಒಲಿಂಪಿಕ್ ಕ್ರೀಡೆಗಳಲ್ಲಿ ಮುದ್ಗರ ತಿರುಗಿಸುವದೇ ಒಂದು ಸ್ಪರ್ಧೆಯಾಗಿತ್ತು. ಆ ಎರಡು ಸಲವೂ ಅದರ ಪದಕಗಳು ಅಮೇರಿಕೆಯವರ ಪಾಲಾದವು.

ಈ ವಿದ್ಯೆ ಕನ್ನಡ ನಾಡಿನಲ್ಲಿ ಎಷ್ಟು ಹಳೆಯದೆಂಬದನ್ನು ತಿಳಿಯಬೇಕಾದರೆ ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ಬರೆಯಿಸಿದ ‘ಮಾನಸೋಲ್ಲಾಸ’ವನ್ನು ನೋಡಬೇಕು. ಅದರಲ್ಲಿ ಮಲ್ಲವಿನೋದಕ್ಕೇ ಒಂದು ಪ್ರಕರಣವಿದೆ. ಮಲ್ಲರ ದರ್ಜೆಗಳು, ಅವರ ಆಹಾರ, ಭಾರ ಎತ್ತುವ ಶ್ರಮ, ನಡೆಯುವ ಶ್ರಮ, ನೀರಿನಲ್ಲಿ ಈಜುವ ಶ್ರಮ, ಕಂಬದ ಮೇಲಿನ ಶ್ರಮ ಎಂದು ಸಾಧನೆಯನ್ನು ಬೇರೆ ಬೇರೆಯಾಗಿ ವಿಂಗಡಿಸಿ ಹೇಳಿದೆ. ಇಂದಿನ ತರಬೇತುದಾರನ ವೇಳಾಪತ್ರಿಕೆಯಲ್ಲಿ ಇದಕ್ಕಿಂತ ಹೆಚ್ಚಿನದೇನಿದೆ? ಅದಕ್ಕೂ ಹಿಂದಿನವನು ನಮ್ಮ ಮುಧೋಳದ ಮಗ ರನ್ನ. ಬಳೆಗಾರರ ಮನೆಯಲ್ಲಿ ಹುಟ್ಟಿ ಕವಿಚಕ್ರವರ್ತಿಯಾದ ಆತನು ತನ್ನ ಕಾವ್ಯಕ್ಕೆ ಆರಿಸಿಕೊಂಡ ವಸ್ತು ಗದಾಯುದ್ಧವೆಂಬದನ್ನು ಮುಧೋಳದವರು ಮರೆಯಲಾರರು. ಮೂಲ ಭಾರತದ ಶಲ್ಯಪರ್ವದಲ್ಲಿ ಈ ಪ್ರಸಂಗಕ್ಕೆ ಸಂಬಂಧಿಸಿದ ಒಂದು ಮಾತು ನಮ್ಮ ಇಂದಿನ ವಿಷಯಕ್ಕೆ ಬಹಳ ಹತ್ತಿರದ್ದು. ದೇಹಬಲದಲ್ಲಿ ಭೀಮನೇ ಹೆಚ್ಚಿನವನು. ಆದರೆ ದುರ್ಯೋಧನನು ಭೀಮನ ಕಬ್ಬಿಣದ ಪ್ರತಿಮೆಯೊಂದನ್ನು ಮಾಡಿಸಿ ಹದಿಮೂರು ವರ್ಷ ಅದರ ಮೇಲೆ ಗದೆಯ ಅಭ್ಯಾಸ ಮಾಡಿದ್ದಾನೆಂದು ಶ್ರೀಕೃಷ್ಣನು ಪಾಂಡವರನ್ನು ಎಚ್ಚರಿಸುತ್ತಾನೆ. ಖಳನೆನಿಸಿದವನ ಸಾಧನೆಯನ್ನೂ ಮುಚ್ಚಿಡದ ಗ್ರಂಥವದು.

ಈ ಭಾಗವು 1948ರ ವರೆಗೆ ಹಲವು ಅಧಿಪತ್ಯಗಳಲ್ಲಿ ಹಂಚಿಹೋಗಿತ್ತು. ಜಮಖಂಡಿಯಲ್ಲಿ ಪಟವರ್ಧನರು, ಮುಧೋಳದಲ್ಲಿ ಘೋರ್ಪಡೆಯವರು. ಬನಹಟ್ಟಿ ಜಮಖಂಡಿಗೆ, ಮಗ್ಗುಲಿನ ರಬಕವಿ ಸಾಂಗಲಿಗೆ. ಬೀಳಗಿ ಮುಂಬಯಿ ಇಲಾಖೆಯ ವಿಜಾಪುರ ಜಿಲ್ಲೆಗೆ. ಸುಂಕದ ಕಟ್ಟೆಗಳು ಬೇರೆ, ಕಚೇರಿಗಳು ಬೇರೆ. ಗರಡಿಯ ಮಣ್ಣು ಮಾತ್ರ ಒಂದೇ. ಕೃಷ್ಣೆಯ ಆಚೆ ಈಚೆಯ ಜಾತ್ರೆಗಳಿಗೆ ಪೈಲವಾನರು ನಡೆದು ಹೋಗುತ್ತಿದ್ದರು. ಪಡುವಲಿನ ಕೊಲ್ಲಾಪುರವು ಅವರ ಕಾಶಿಯಾಗಿತ್ತು. ಅಲ್ಲಿ ಶಾಹೂ ಮಹಾರಾಜರು ಕಟ್ಟಿಸಿದ ಖಾಸಬಾಗ್ ಮೈದಾನವು 1912ರಲ್ಲಿ ತೆರೆಯಿತು. ನೆಲದಿಂದ ಅಂಕಣವನ್ನು ಎತ್ತರಿಸಿ, ಸುತ್ತಲೂ ಇಳಿಜಾರು ಮಾಡಿ, ಕೊನೆಯ ಸಾಲಿನ ಬಡವನಿಗೂ ಪಟ್ಟು ಕಾಣುವಂತೆ ಅದನ್ನು ರಚಿಸಲಾಗಿದೆ. ಅದೇ ಕೊಲ್ಲಾಪುರದಲ್ಲಿ ಪಳಗಿದ ಖಾಶಾಬಾ ಜಾಧವರು 1952ರಲ್ಲಿ ಹೆಲ್ಸಿಂಕಿಯಿಂದ ಕಂಚಿನ ಪದಕ ತಂದರು. ಸ್ವತಂತ್ರ ಭಾರತದ ಒಬ್ಬ ವ್ಯಕ್ತಿಗೆ ದೊರೆತ ಮೊದಲನೆಯ ಒಲಿಂಪಿಕ್ ಪದಕವದು. ನೆರೆಯ ಔಂಧ ಸಂಸ್ಥಾನದ ಅಧಿಪತಿ ಭವಾನರಾವ್ ಪಂತ ಪ್ರತಿನಿಧಿಯವರು ಸೂರ್ಯನಮಸ್ಕಾರವನ್ನು ಶಾಲೆಶಾಲೆಗೆ ಒಯ್ದರು. ಬೆಂಗಳೂರಿನಲ್ಲಿ ಕೆ. ವಿ. ಅಯ್ಯರರು ವ್ಯಾಯಾಮಶಾಲೆ ನಡೆಯಿಸಿ, ಟಪಾಲಿನ ಮೂಲಕವೂ ದೇಶದ ತರುಣರಿಗೆ ಪಾಠ ಹೇಳಿದರು. ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳನ್ನು ಬರೆದವರೂ ಅವರೇ. ಭುಜಬಲವಿದ್ದವನಿಗೆ ಸರಸ್ವತಿ ಒಲಿಯಳೆಂಬ ಪಂಡಿತರ ಪೂರ್ವಗ್ರಹಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ನಮಗೆ ಗೊತ್ತಿಲ್ಲ.

ಗರಡಿಯ ನಿಜವಾದ ಸತ್ವವಿರುವದು ಕಲ್ಲಿನಲ್ಲಿಯೂ ಅಲ್ಲ, ಗದೆಯಲ್ಲಿಯೂ ಅಲ್ಲ. ಅಲ್ಲಿ ಕೂಡುವ ಜನರಲ್ಲಿ. ಬೆಳಗಿನ ಜಾವ ಬಂದವನು ಮೊದಲು ಗುದ್ದಲಿ ಹಿಡಿದು ಮಣ್ಣು ಕಡಿಯಬೇಕು. ಕೆಂಪು ಮಣ್ಣಿಗೆ ಮಜ್ಜಿಗೆ, ಎಣ್ಣೆ, ಅರಿಷಿಣ, ನಿಂಬೆಯ ರಸ ಬೆರೆಸಿ ಹದಗೊಳಿಸುವ ಈ ಕೆಲಸದಿಂದ ಯಾರಿಗೂ ವಿನಾಯಿತಿಯಿಲ್ಲ. ಸಾಹುಕಾರನ ಮಗನಾದರೂ ಅಷ್ಟೇ, ಕೂಲಿಯವನ ಮಗನಾದರೂ ಅಷ್ಟೇ. ದಂಡ, ಬಸ್ಕಿಗಳನ್ನು ಎಲ್ಲರೂ ಕೂಡಿ ಎಣಿಸುವರು. ಹೊಸಬನು ಇಪ್ಪತ್ತಕ್ಕೆ ಸೋತು ಕುಳಿತರೆ ಅವನನ್ನು ಹಂಗಿಸುವವರಿಲ್ಲ. ‘ಇನ್ನೊಂದು ಹಾಕಪಾ ತಮ್ಮಾ’ ಎಂದು ಪಕ್ಕದವನು ಹೇಳುತ್ತಾನೆ. ಆ ಇನ್ನೊಂದರಲ್ಲಿಯೇ ಬಲ ಬೆಳೆಯುವದು. ತನಗಿಂತ ಕಿರಿಯನನ್ನು ಕೆಡವದೆ ಅವನಿಗೆ ಪಟ್ಟು ಬಿಡಿಸಿ ಕಲಿಸುವದು ಹಿರಿಯನ ಧರ್ಮ. ಸಾಧನೆ ಮುಗಿದ ಮೇಲೆ ಒಬ್ಬರ ಮೈಯನ್ನೊಬ್ಬರು ತಿಕ್ಕುವರು. ಎರಡು ದಿನ ಬಾರದವನ ಮನೆಗೆ ಮೂರನೆಯ ದಿನ ಯಾರಾದರೂ ಹೋಗಿ ಬಾಗಿಲು ಬಡಿಯುವರು. ಶುಲ್ಕ ಕಟ್ಟಿ ಒಂದು ತಿಂಗಳಲ್ಲಿ ಜಿಮ್ ಬಿಡುವವರ ಸಂಖ್ಯೆ ಏಕೆ ದೊಡ್ಡದೆಂಬದಕ್ಕೆ ನಾವು ಹುಡುಕಿದ ಕಾರಣ ಇಷ್ಟೇ: ಅಲ್ಲಿ ಬಾಗಿಲು ಬಡಿಯುವವರಿಲ್ಲ. ಅಂಥವರಿರುವ ಜಿಮ್‌ಗಳೂ ಕೆಲವಿವೆ. ಅವುಗಳನ್ನು ನಾವು ಕನ್ನಡಿಯಿರುವ ಗರಡಿಗಳೆಂದೇ ತಿಳಿಯುತ್ತೇವೆ.

‘ದುಡಿಯುವ ಜನಕ್ಕೆ ವ್ಯಾಯಾಮವೇತಕ್ಕೆ? ಹೊಲ, ಮಗ್ಗಗಳೇ ಅವರ ಗರಡಿಯಲ್ಲವೇ?’ ಎಂದು ಕೆಲವು ಮಹಾಶಯರು ಕೇಳುವದುಂಟು. ಈ ಪ್ರಶ್ನೆಗೆ ಸರಿಯಾಗಿ ಉತ್ತರ ಕೊಡುವದು ಅವಶ್ಯ. ರಬಕವಿ-ಬನಹಟ್ಟಿಯ ನೇಕಾರನನ್ನು ನೋಡಿರಿ. ಕುಣಿಮಗ್ಗದ ಕಾಲದಲ್ಲಿ ಕಾಲಿನಿಂದ ತುಳಿಯುವದೂ ಕೈಯಿಂದ ಲಾಳಿ ಎಳೆಯುವದೂ ಇತ್ತು. ಬೆನ್ನು ಮಾತ್ರ ಬಗ್ಗಿಯೇ ಇರುತ್ತಿತ್ತು. ಈಗ ವಿದ್ಯುತ್ ಮಗ್ಗ. ಎಳೆ ಹರಿದಾಗ ಗಂಟು ಹಾಕಲಿಕ್ಕೂ, ಕಂಡಿಕೆ ತೀರಿದಾಗ ಬದಲಿಸಲಿಕ್ಕೂ ಒಂದೇ ಮಗ್ಗುಲಿಗೆ ಬಾಗುತ್ತ, ಖಟಖಟ ಸಪ್ಪಳದಲ್ಲಿ ದಿನವಿಡೀ ನಿಂತಿರಬೇಕು. ದಣಿವುಂಟು, ಬಲವಿಲ್ಲ. ಕಬ್ಬು ಕಡಿಯುವವನ ಸೊಂಟಕ್ಕೂ, ಮಾರ್ಕೆಟ್ಟಿನ ಹಮಾಲನ ಮೊಣಕಾಲಿಗೂ ಇದೇ ಗತಿ. ಹೆಚ್ಚು ಎಂದರೆ 55 ಕಿಲೋ ಭಾರವನ್ನಷ್ಟೇ ಕೆಲಸಗಾರನ ಮೇಲೆ ಹೇರಬೇಕೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು 1967ರಲ್ಲಿಯೇ ಶಿಫಾರಸು ಮಾಡಿದೆ. ಅದಕ್ಕಿಂತ ಎಷ್ಟೋ ಭಾರವಾದ ಚೀಲ ನಮ್ಮಲ್ಲಿ ಹೆಗಲೇರುತ್ತದೆ. ದುಡಿಮೆಯ ಭಾರಕ್ಕೆ ಅಳತೆಯಿಲ್ಲ, ಅದು ಮೈಯ ಹದ ನೋಡಿ ಏರುವದಿಲ್ಲ, ಮೈ ನೊಂದ ದಿನ ಇಳಿಯುವದೂ ಇಲ್ಲ. ಗರಡಿಯ ಭಾರವಾದರೋ ಇಂದು ಇಷ್ಟು, ಎಂಟು ದಿನದ ಮೇಲೆ ಇನ್ನಷ್ಟು, ನಡುವೆ ವಿಶ್ರಾಂತಿ, ಎಡಕ್ಕೆಷ್ಟೋ ಬಲಕ್ಕೂ ಅಷ್ಟೇ. ಒಂದು ದೇಹವನ್ನು ಸವೆಯಿಸುತ್ತದೆ, ಇನ್ನೊಂದು ಕಟ್ಟುತ್ತದೆ. ಗರಡಿಯಲ್ಲಿ ಬೆನ್ನು ನೆಟ್ಟಗಿಟ್ಟು ಎತ್ತುವದನ್ನು ಕಲಿತ ಹಮಾಲನು ಮಾರ್ಕೆಟ್ಟಿನಲ್ಲಿಯೂ ಹಾಗೆಯೇ ಎತ್ತುವನು.

ದುಡಿಯದವರ ವಿಷಯವಂತೂ ಹೇಳತಕ್ಕದ್ದಿಲ್ಲ. ಇದು ಕಬ್ಬಿನ ಸೀಮೆ. ಮಹಾಲಿಂಗಪುರದ ಬೆಲ್ಲದ ಪೇಟೆ ಹೆಸರಾದದ್ದು. ಬೆಲ್ಲ, ಸಕ್ಕರೆ, ದಿನಕ್ಕೆ ಹತ್ತು ಸಲ ಚಹ, ಗದ್ದಿಗೆ ಬಿಟ್ಟೇಳದ ವ್ಯಾಪಾರ ಇವೆಲ್ಲ ಕೂಡಿದರೆ ಆಗುವದೇನು? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಹಾಯದಿಂದ ನಡೆದು 2023ರಲ್ಲಿ ಪ್ರಕಟವಾದ ಪಾಹಣಿಯ ಪ್ರಕಾರ ದೇಶದಲ್ಲಿ 10 ಕೋಟಿಗೂ ಮೇಲ್ಪಟ್ಟು ಜನರಿಗೆ ಮಧುಮೇಹವಿದೆ; ಅದರ ಹೊಸ್ತಿಲಲ್ಲಿ ನಿಂತವರು 13 ಕೋಟಿಗೂ ಹೆಚ್ಚು. ಊಟದ ನಂತರ ರಕ್ತದಲ್ಲಿ ಏರುವ ಸಕ್ಕರೆಯ ಬಹುಪಾಲನ್ನು ಹೀರಿಕೊಳ್ಳುವದು ನಮ್ಮ ಸ್ನಾಯುಗಳು. ಸ್ನಾಯು ಕರಗಿದಷ್ಟೂ ಸಕ್ಕರೆಗೆ ಮನೆಯಿಲ್ಲದಾಗುತ್ತದೆ. ಆದುದರಿಂದಲೇ ಜಾಗತಿಕ ಆರೋಗ್ಯ ಸಂಸ್ಥೆಯು 2020ರ ತನ್ನ ಸೂಚನೆಗಳಲ್ಲಿ, ವಾರಕ್ಕೆ 150ರಿಂದ 300 ನಿಮಿಷಗಳ ನಡಿಗೆಯಂಥ ಶ್ರಮದ ಜೊತೆಗೆ, ವಾರಕ್ಕೆ ಎರಡು ದಿನವಾದರೂ ಸ್ನಾಯುಬಲದ ಸಾಧನೆ ಬೇಕೆಂದು ಹೇಳಿದೆ. 65 ದಾಟಿದವರಿಗೆ ಬಲವನ್ನೂ ಸಮತೋಲವನ್ನೂ ಬೆಳೆಸುವ ಸಾಧನೆ ವಾರಕ್ಕೆ ಮೂರು ದಿನ ಬೇಕೆನ್ನುತ್ತದೆ. ಬೆಳಗಿನ ವಾಕಿಂಗಿಗೆ ಹೋಗಿ ಕಟ್ಟೆಯ ಮೇಲೆ ರಾಜಕಾರಣ ಮಾತನಾಡಿ ಬರುವ ನಮ್ಮ ಹಿರಿಯ ಮಿತ್ರರು ಈ ಎರಡನೆಯ ಭಾಗವನ್ನು ಓದಿದಂತಿಲ್ಲ.

ಮುಪ್ಪಿನಲ್ಲಿ ಇದೆಲ್ಲ ಸಾಧ್ಯವೇ ಎಂದು ಸಂಶಯಪಡುವವರಿಗೆ ಬಾಸ್ಟನ್ ನಗರದ ಒಂದು ಪ್ರಯೋಗವನ್ನು ಹೇಳುತ್ತೇವೆ. ಅಲ್ಲಿಯ ವೃದ್ಧಾಲಯವೊಂದರಲ್ಲಿ 86ರಿಂದ 96 ವಯಸ್ಸಿನ ಹತ್ತು ಜನರಿಗೆ ಎಂಟು ವಾರ ತೊಡೆಯ ಬಲಕ್ಕಾಗಿ ಭಾರದ ಸಾಧನೆ ಮಾಡಿಸಿದರು. ಕೊನೆಯ ವರೆಗೆ ಉಳಿದ ಒಂಬತ್ತು ಜನರ ಬಲವು ಸರಾಸರಿಯಲ್ಲಿ ನೂರಕ್ಕೆ 174ರಷ್ಟು ಹೆಚ್ಚಿತೆಂದು 1990ರಲ್ಲಿ ಪ್ರಕಟವಾದ ಆ ವರದಿ ತಿಳಿಸುತ್ತದೆ. ತೊಂಬತ್ತರ ಮುದುಕರು! ನೆಲದ ಮೇಲೆ ಕುಳಿತವರು ಗೋಡೆ ಹಿಡಿಯದೆ ಏಳುವದು, ನೀರಿನ ಕೊಡವನ್ನು ತಾವೇ ಎತ್ತುವದು, ಹೊಸ್ತಿಲು ಎಡವಿದಾಗ ಬೀಳದೆ ಸಾವರಿಸಿಕೊಳ್ಳುವದು. ಅಜ್ಜ ಅಜ್ಜಿಯರಿಗೆ ಬೇಕಾದ ಕುಸ್ತಿ ಇಷ್ಟೇ. ಸೊಂಟದ ಎಲುಬು ಮುರಿದು ಮಂಚ ಹಿಡಿದ ಮನೆಯವರನ್ನು ನೋಡಿಕೊಂಡವರಿಗೆ ಇದರ ಬೆಲೆ ಗೊತ್ತು.

ಇಷ್ಟು ಹೊಗಳಿದೆವೆಂದು ಗರಡಿಯ ದೋಷಗಳಿಗೆ ಕಣ್ಣು ಮುಚ್ಚಲಾಗದು. ಮೊದಲನೆಯದು, ಅದರ ಬಾಗಿಲು ಹೆಣ್ಣುಮಕ್ಕಳಿಗೆ ಮುಚ್ಚಿರುವದು. ಹನುಮಪ್ಪ ಬ್ರಹ್ಮಚಾರಿಯೆಂದು ಕಾರಣ ಹೇಳುವರು. ಹನುಮಪ್ಪನು ಸಮುದ್ರ ಲಂಘಿಸಿದ್ದೇ ಒಬ್ಬ ಹೆಣ್ಣುಮಗಳ ಸಲುವಾಗಿ ಎಂಬದನ್ನು ಇವರು ಮರೆತಂತಿದೆ. ನಮ್ಮ ಅಜ್ಜಿಯಂದಿರ ತೋಳಿಗೆ ಬಲ ಬಂದದ್ದು ಬೀಸುವ ಕಲ್ಲಿನಿಂದ, ಒನಕೆಯಿಂದ, ಹಳ್ಳದಿಂದ ಹೊತ್ತು ತಂದ ಕೊಡದಿಂದ. ಗಿರಣಿಯೂ ನಳವೂ ಬಂದು ಆ ಕಷ್ಟ ತಪ್ಪಿದ್ದು ಒಳ್ಳೆಯದೇ ಆಯಿತು. ಆದರೆ ಬಲಕ್ಕೆ ಬದಲು ಮಾರ್ಗವನ್ನು ಯಾರೂ ಕೊಡಲಿಲ್ಲ. ನಾಗರಪಂಚಮಿಗೆ ಒಂದು ದಿನ ಜೋಕಾಲಿಯಲ್ಲಿ ನಿಂತು, ಮೊಣಕಾಲು ಮಡಿಸಿ ಚಾಚಿ ಆಕಾಶಕ್ಕೆ ಜೀಕುವಾಗ ನಮ್ಮ ಹೆಣ್ಣುಮಕ್ಕಳು ಹಾಕುವದು ಬಸ್ಕಿಯಲ್ಲದೆ ಮತ್ತೇನು? ವರ್ಷದಲ್ಲಿ ಉಳಿದ ದಿನಗಳಲ್ಲಿ ಅವರ ಪಾಲಿಗೆ ಕಂಡಿಕೆ ಸುತ್ತುವದು ಮಾತ್ರ. ಸ್ವಾತಂತ್ರ್ಯದ ಚಳುವಳಿಯಲ್ಲಿ ಡಾ. ನಾ. ಸು. ಹರ್ಡೀಕರರು ಕಟ್ಟಿದ ಹಿಂದುಸ್ತಾನಿ ಸೇವಾದಲದ ಸ್ತ್ರೀ ವಿಭಾಗವನ್ನು ಉಮಾಬಾಯಿ ಕುಂದಾಪುರ ಅವರು ನಡೆಯಿಸಿದರು. ಅಂದೇ ನಮ್ಮ ನಾಡಿನ ಹೆಣ್ಣುಮಕ್ಕಳು ಬೀದಿಯಲ್ಲಿ ಕವಾಯತು ಮಾಡಿದ್ದರು. ಹೆಂಗಸರ ಕುಸ್ತಿ 2004ರಲ್ಲಿ ಒಲಿಂಪಿಕ್ ಪ್ರವೇಶಿಸಿತು. 2016ರಲ್ಲಿ ಸಾಕ್ಷಿ ಮಲಿಕ್ ಪದಕ ತಂದಳು. ಹಳಿಯಾಳ, ಗದಗಗಳ ಕಡೆಯ ಹುಡುಗಿಯರು ಇಂದು ಕುಸ್ತಿಯಲ್ಲಿ ಹೆಸರು ಮಾಡುತ್ತಿದ್ದಾರೆ. ಕೃಷ್ಣೆಯ ದಂಡೆಯ ಹುಡುಗಿಯರು ಏನು ತಪ್ಪು ಮಾಡಿದ್ದಾರೆ?

ಎರಡನೆಯ ದೋಷ ಜಾತಿಯದು. ಅಂಕಣಕ್ಕೆ ಇಳಿದವನಿಗೆ ಜಾತಿಯಿಲ್ಲವೆಂದು ಹೇಳುವದು ವಾಡಿಕೆ. ಅಂಕಣದೊಳಗೆ ಅದು ಬಹುಮಟ್ಟಿಗೆ ನಿಜವೂ ಹೌದು. ಹಾಗಾದರೆ ಒಂದೇ ಊರಿನಲ್ಲಿ ಕೇರಿಗೊಂದು ಗರಡಿ ಏಕೆ ಬೇಕಾಯಿತು? ಈ ಪ್ರಶ್ನೆಯನ್ನು ಆಯಾ ಊರಿನ ಹಿರಿಯರೇ ತಮ್ಮೊಳಗೆ ಕೇಳಿಕೊಳ್ಳುವದು ವಿಹಿತ.

ಮೂರನೆಯದು ಹೊಸ ಪಿಡುಗು. ಇದು ಗರಡಿಗಿಂತ ಜಿಮ್‌ಗಳಲ್ಲಿ ಹೆಚ್ಚು. ಮೂರು ತಿಂಗಳಲ್ಲಿ ಪೈಲವಾನನಾಗಬೇಕೆಂಬ ಆತುರಕ್ಕೆ ಪುಡಿಯ ಡಬ್ಬಿ, ಅದರ ಹಿಂದೆ ಗುಳಿಗೆ, ಗುಳಿಗೆಯ ಹಿಂದೆ ಸೂಜಿ. ಸ್ಟಿರಾಯ್ಡ್ ಎಂಬ ಈ ದ್ರವ್ಯಗಳು ಸ್ನಾಯುವನ್ನು ಉಬ್ಬಿಸುವದು ದಿಟ. ಅದರ ಜೊತೆಗೆ ವೃಷಣಗಳನ್ನು ಕುಗ್ಗಿಸಿ ಸಂತಾನಶಕ್ತಿಯನ್ನು ಕೆಡಿಸುತ್ತವೆ. ಹೃದಯಕ್ಕೂ ಯಕೃತ್ತಿಗೂ ಕೇಡು ಮಾಡುತ್ತವೆ. ಸಿಟ್ಟು, ಖಿನ್ನತೆಗಳನ್ನು ತರುತ್ತವೆ. ವೈದ್ಯರ ಚೀಟಿಯಿಲ್ಲದೆ ಇವನ್ನು ಮಾರುವವನು ತರುಣರಿಗೆ ವಿಷ ಮಾರುವವನೇ ಸರಿ. ಇಂಥವರ ಮೇಲೆ ಔಷಧ ನಿಯಂತ್ರಣಾಧಿಕಾರಿಗಳು ಕಣ್ಣಿಡಬೇಕೆಂದು ನಾವು ಬಲವಾಗಿ ಹೇಳುತ್ತೇವೆ. ಹಾಗಾದರೆ ತಿನ್ನುವದೇನು? ನಮ್ಮ ಸೀಮೆಯಲ್ಲಿ ಅದಕ್ಕೇನೂ ಬರವಿಲ್ಲ. ಕಿಲೋ ತೂಕಕ್ಕೆ 0.83 ಗ್ರಾಮಿನಷ್ಟು ಪ್ರೋಟೀನು ಪ್ರೌಢನಿಗೆ ದಿನಕ್ಕೆ ಬೇಕೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ 2020ರ ಲೆಕ್ಕ; ಅಂದರೆ 60 ಕಿಲೋದವನಿಗೆ ಸುಮಾರು 50 ಗ್ರಾಮು. ಸಾಧನೆ ಮಾಡುವವನಿಗೆ ಇನ್ನಷ್ಟು ಬೇಕು. ನೂರು ಗ್ರಾಮು ಶೇಂಗಾದಲ್ಲಿಯೇ ಸುಮಾರು 25 ಗ್ರಾಮು ದೊರೆಯುತ್ತದೆ. ಜೋಳದ ರೊಟ್ಟಿ, ಮಡಿಕೆಕಾಳಿನ ಪಲ್ಯ, ಶೇಂಗಾ ಹಿಂಡಿ, ಮೊಸರು ಇದ್ದ ತಾಟಿಗೆ ಪರದೇಶದ ಡಬ್ಬಿಯ ಹಂಗಿಲ್ಲ. ತಿನ್ನುವವರಿಗೆ ತತ್ತಿಯೂ ಇದೆ. ಹಳೆಯ ಪೈಲವಾನರು ಸೇರುಗಟ್ಟಲೆ ತುಪ್ಪ ಕುಡಿದರೆಂಬ ಕಥೆಗಳನ್ನು ಕೇಳಿ ಅಂಗಡಿಯ ಗಲ್ಲೆಯಲ್ಲಿ ಕೂಡ್ರುವವರು ಅದನ್ನು ಅನುಸರಿಸಬಾರದು. ಅವರು ಸಾವಿರ ಬಸ್ಕಿ ಹಾಕುತ್ತಿದ್ದರು.

ಆಮೇಲೆ ಸರಕಾರದ ಮಾತು. ನಮ್ಮ ಮುಧೋಳದ ಬೇಟೆನಾಯಿಗೆ ತಿಮ್ಮಾಪುರದಲ್ಲಿ ಸಂಶೋಧನ ಕೇಂದ್ರವಿದೆ; 2005ರಲ್ಲಿ ಅದರ ಚಿತ್ರದ ಅಂಚೆ ಚೀಟಿಯೂ ಹೊರಟಿತು. ನಮಗೆ ಇದರಿಂದ ಅಭಿಮಾನವೇ ಉಂಟಾಗಿದೆ; ಆ ಸೊಂಟ, ಆ ಕಾಲು, ಆ ವೇಗ ಎಲ್ಲ ಗೌರವಕ್ಕೆ ತಕ್ಕವೇ. ಆದರೆ ಅದೇ ಮಣ್ಣಿನ ಮನುಷ್ಯನ ಸೊಂಟ, ಕಾಲುಗಳ ಚಿಂತೆಗೆ ಒಂದು ಬಿಡಿಗಾಸನ್ನಾದರೂ ತೆಗೆದಿಡಬಾರದೇ ಎಂದು ಕೇಳಿದರೆ ಅದು ನಾಯಿಯ ಮೇಲಿನ ಮತ್ಸರವಾಗಲಾರದು. ಬೀಳಗಿಯ ಪ್ರಶ್ನೆ ಇನ್ನೂ ತೀವ್ರವಾದದ್ದು. ಆಲಮಟ್ಟಿಯ ಹಿನ್ನೀರಿನಿಂದ ಆ ತಾಲೂಕಿನ ಎಷ್ಟೋ ಹಳ್ಳಿಗಳು ತಮ್ಮ ಹಳೆಯ ನೆಲೆ ಬಿಟ್ಟು ಪುನರ್ವಸತಿ ಕೇಂದ್ರಗಳಿಗೆ ಬಂದಿವೆ. ಆಣೆಕಟ್ಟಿನ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ಯೋಜನೆಯಿದ್ದು, ಅದು ನಡೆದರೆ ಇನ್ನಷ್ಟು ಊರುಗಳು ಏಳಬೇಕಾಗುವದು. ಹೊಸ ಊರಿನ ನಕಾಶೆ ಬರೆಯುವಾಗ ರಸ್ತೆ, ಶಾಲೆ, ಗುಡಿಗಳನ್ನು ಗುರುತಿಸುವ ಇಂಜಿನಿಯರರು ಗರಡಿಗೆ ಎರಡು ಗುಂಟೆ ಜಾಗವನ್ನೂ ಗುರುತಿಸಲಿ. ಊರನ್ನು ಸ್ಥಳಾಂತರಿಸುವವರು ಅದರ ಗುಂಡುಕಲ್ಲನ್ನು ನೀರಿಗೆ ಬಿಟ್ಟು ಬರಬಾರದು; ಟ್ರ್ಯಾಕ್ಟರಿನಲ್ಲಿ ಅದಕ್ಕೂ ಸ್ಥಳವಿರುತ್ತದೆ.

ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿಯ ನಗರಸಭೆಗಳೂ ಬೀಳಗಿಯ ಪಟ್ಟಣ ಪಂಚಾಯತಿಯೂ ತಮ್ಮ ಎಲ್ಲೆಯಲ್ಲಿರುವ ಗರಡಿಮನೆಗಳ ಯಾದಿಯನ್ನು ಮೊದಲು ತಯಾರಿಸಲಿ. ಎಷ್ಟಕ್ಕೆ ಬೀಗ ಬಿದ್ದಿದೆ, ಎಷ್ಟರ ಹಂಚು ಹಾರಿದೆ, ಯಾವದರ ಜಾಗದ ಮೇಲೆ ಅಂಗಡಿಯ ಮಳಿಗೆ ಕಟ್ಟುವವರ ಕಣ್ಣು ಬಿದ್ದಿದೆ ಎಂಬದು ಇದರಿಂದ ಹೊರಬೀಳುವದು. ದುರಸ್ತಿಗೆ ಬೇಕಾಗುವ ಹಣ ದೊಡ್ಡದಲ್ಲ: ಹಂಚು, ಒಂದು ನಳ, ಒಂದು ದೀಪ, ವರ್ಷಕ್ಕೊಮ್ಮೆ ನಾಲ್ಕು ಗಾಡಿ ಕೆಂಪು ಮಣ್ಣು. ಬೆಳಗಿನ ಜಾವ ಪೈಲವಾನರಿಗೆ ಇರಲಿ. ಬಿಸಿಲೇರಿದ ಮೇಲೆ ಒಂದು ತಾಸು ಅರವತ್ತು ದಾಟಿದವರಿಗೆ ಬಿಟ್ಟುಕೊಡಲಿ. ಅವರಿಗೆ ಕಲಿಸಲಿಕ್ಕೆ ವಯಸ್ಸಾದ ವಸ್ತಾದರಿಗಿಂತ ತಕ್ಕವರಾರು? ಕುಸ್ತಿ ಬಿಟ್ಟ ಮೇಲೆ ಉಪಜೀವನಕ್ಕೆ ದಾರಿಯಿಲ್ಲದೆ ಬಳಲುವ ಆ ಹಿರಿಯರಿಗೆ ಒಂದು ಮಾಸಿಕ ಗೌರವಧನವೂ ಆಗುವದು. ಸಂಜೆಯ ಒಂದು ತಾಸು ಹೆಣ್ಣುಮಕ್ಕಳದು. ದೇವರ ಮೂರ್ತಿಯಿರುವ ಕೋಣೆಯ ಬಗ್ಗೆ ಸಂಕೋಚವುಳ್ಳವರು ಅಂಗಳದಲ್ಲಿ ಚಪ್ಪರ ಹಾಕಿಕೊಡಲಿ. ಅಲ್ಲಿಗೂ ಆಕ್ಷೇಪವೆತ್ತುವವರ ಹೆಸರುಗಳನ್ನು ನಾವು ಕೇಳಲು ಇಚ್ಛಿಸುತ್ತೇವೆ.

ಮಹಾಲಿಂಗಪುರದ ಮಹಾಲಿಂಗೇಶ್ವರ ಜಾತ್ರೆ, ಬನಹಟ್ಟಿಯ ಕಾಡಸಿದ್ಧೇಶ್ವರ ಜಾತ್ರೆಗಳನ್ನು ನಡೆಯಿಸುವ ಪಂಚರಲ್ಲಿಯೂ ನಮ್ಮದೊಂದು ವಿನಂತಿ. ಕುಸ್ತಿಯ ಅಂಕಣದ ಮಗ್ಗುಲಲ್ಲಿ ಕಲ್ಲು ಎತ್ತುವ, ಚೀಲ ಹೊರುವ ಪಂತಗಳನ್ನು ಇಡುವಾಗ ಒಬ್ಬನೇ ಗೆಲ್ಲುವ ಬೆಳ್ಳಿಯ ಕಡೆಯ ಜೊತೆಗೆ, ಹತ್ತು ಜನರ ಗರಡಿ ತಂಡವೊಂದು ಒಟ್ಟಿಗೆ ಎತ್ತುವ ಪಂತವನ್ನೂ ಇಡಲಿ. ಆ ಹತ್ತರಲ್ಲಿ ಐವತ್ತು ದಾಟಿದವರು ಇಬ್ಬರು, ಹದಿನೆಂಟರೊಳಗಿನವರು ಇಬ್ಬರು ಇರಲೇಬೇಕೆಂದು ಕಟ್ಟು ಮಾಡಿದರೆ, ಮುಂದಿನ ಜಾತ್ರೆಯ ವರೆಗೆ ಪ್ರತಿಯೊಂದು ಗರಡಿಯವರೂ ತಮ್ಮ ಓಣಿಯ ಮುದುಕರನ್ನೂ ಹುಡುಗರನ್ನೂ ಹುಡುಕಿಕೊಂಡು ಮನೆಯ ಬಾಗಿಲು ಬಡಿಯುವರು. ಪಂತದ ನಿಯಮಗಳನ್ನು ಯಾವ ಜಾತ್ರಾ ಸಮಿತಿಯವರು ಮೊದಲು ಬರೆದು ಕಳಿಸುವರೋ ಅವನ್ನು ಈ ಪುಟದಲ್ಲಿಯೇ ನಾವು ಅಚ್ಚು ಹಾಕಲು ಸಿದ್ಧರಿದ್ದೇವೆ.